ಎರೆಮಣ್ಣಿನ ಪಿಚ್‌ಗೆ ಯಾರನ್ನು ಆರಿಸಬೇಕು?

ಪ್ರಶ್ನೆ: ಎರಡೂ ತಂಡಗಳಿಂದ ಹನ್ನೊಂದು ಮಂದಿಯನ್ನು ಆರಿಸಿ, ಅವರ ಆಟಕ್ಕೆ ಅಂಕ ಪಡೆಯುವ ಫ್ಯಾಂಟಸಿ ಕ್ರಿಕೆಟ್ ಆಡುತ್ತೇನೆ. ಮುಂಬೈನ ವಾಂಖೆಡೆಯ ಟಿ20 ಪಂದ್ಯದಲ್ಲಿ ಅಂಕ ತಂದುಕೊಟ್ಟ ಲೆಕ್ಕವೇ ಪುಣೆಯ ಗಹುಂಜೆ ಮೈದಾನದಲ್ಲಿ ಕೈಕೊಡುತ್ತದೆ. ಎಕ್ಸ್‌ಪ್ರೆಸ್‌ವೇ ಹಿಡಿದರೆ ಕೆಲವೇ ಗಂಟೆಗಳ ದಾರಿ, ಪಿಚ್ ಮಾತ್ರ ಇಷ್ಟು ಬೇರೆ ಯಾಕೆ?
– ಓದುಗರು, ಡೊಂಬಿವಲಿ

ಉತ್ತರ: ಮಣ್ಣೇ ಬೇರೆ. ವಾಂಖೆಡೆಯದು ಕೆಂಪು ಮಣ್ಣು. ಬೇಗ ಒಣಗುತ್ತದೆ, ರೋಲರ್ ಹೊಡೆದರೆ ಗಟ್ಟಿಯಾಗುತ್ತದೆ, ಚೆಂಡು ಪುಟಿದು ನೇರ ಬ್ಯಾಟಿಗೆ ಬರುತ್ತದೆ. ಗಹುಂಜೆಯಲ್ಲಿ ಹೆಚ್ಚಾಗಿ ಕಪ್ಪು ಮಣ್ಣು. ವಿಜಯಪುರ, ಗದಗ ಕಡೆಯಿಂದ ಬಂದವರಿಗೆ ‘ಎರೆ’ ಎಂದರೆ ಸಾಕು: ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅಂಥ ಪಿಚ್‌ನಲ್ಲಿ ಚೆಂಡು ತಡೆದು ಬರುತ್ತದೆ, ಪುಟಿತವೂ ಕಡಿಮೆ. ಹೊಸ ಚೆಂಡು ಗಟ್ಟಿ ಇರುವಾಗಲೇ, ಪವರ್‌ಪ್ಲೇಯ ಮೊದಲ ಆರು ಓವರ್‌ಗಳಲ್ಲಿ ಬಾರಿಸುವ ಮೊದಲ ಮೂವರು ಗೆದ್ದಂತೆ. ಐದಾರನೇ ಕ್ರಮಾಂಕದವರು ಬಂದ ಕೂಡಲೇ ದೊಡ್ಡ ಹೊಡೆತಕ್ಕೆ ಹೋಗಿ ಕ್ಯಾಚ್ ಕೊಡುತ್ತಾರೆ. ಹಾಗಾಗಿ ಗಹುಂಜೆಗೆ ತನ್ನ ಪಾಲಿನ ನಾಲ್ಕೂ ಓವರ್ ಹಾಕುವ ಸ್ಪಿನ್ನರ್, ಜತೆಗೆ ವೇಗ ತಗ್ಗಿಸಿ ಕಟರ್ (ನೆಲಕ್ಕೆ ಬಿದ್ದು ದಿಕ್ಕು ಬದಲಿಸುವ ಚೆಂಡು) ಹಾಕಬಲ್ಲ ವೇಗಿ ಇರಲಿ. ಎರಡೇ ಓವರ್ ಹಾಕುವ ಆಲ್‌ರೌಂಡರ್ ಹೆಸರಿಗಷ್ಟೇ ಆಲ್‌ರೌಂಡರ್.

ಆದರೆ ಕೆಂಪು ಮಣ್ಣೆಂದರೆ ಸ್ಪಿನ್ ಇಲ್ಲ ಎಂದು ಬರೆದಿಟ್ಟುಕೊಳ್ಳಬೇಡಿ. ನೀರು ಕೊಡದೆ ಒಣಗಲು ಬಿಟ್ಟರೆ ಅಲ್ಲೂ ಚೆಂಡು ತಿರುಗುತ್ತದೆ, ಪುಟಿತ ಸೇರಿದ್ದರಿಂದ ಇನ್ನೂ ಅಪಾಯ. 2024ರ ಅಕ್ಟೋಬರ್‌ನಲ್ಲಿ ಪುಣೆ ಟೆಸ್ಟ್‌ನಲ್ಲಿ ನ್ಯೂಜಿಲೆಂಡ್‌ನ ಸ್ಪಿನ್ನರ್ ಮಿಚೆಲ್ ಸ್ಯಾಂಟ್ನರ್ 13 ವಿಕೆಟ್ ಕಿತ್ತರು. ಮುಂದಿನ ವಾರ ವಾಂಖೆಡೆಯಲ್ಲಿ ಅದೇ ತಂಡದ ಸ್ಪಿನ್ನರ್ ಅಜಾಜ್ ಪಟೇಲ್ 11 ಕಿತ್ತರು, 147 ಗುರಿಯಿದ್ದ ಭಾರತ 121ಕ್ಕೆ ಮುಗಿಯಿತು. ಮಣ್ಣಿನ ಬಣ್ಣಕ್ಕಿಂತ ಹಿಂದಿನ ದಿನ ಹುಲ್ಲು ಎಷ್ಟು ಉಳಿಸಿದ್ದಾರೆ, ನೀರು ಯಾವಾಗ ನಿಲ್ಲಿಸಿದ್ದಾರೆ ಎಂಬುದೇ ಮುಖ್ಯ.

ಪ್ರಶ್ನೆ: ವಾಂಖೆಡೆಯ ರಾತ್ರಿ ಪಂದ್ಯಕ್ಕೆ ಎಷ್ಟು ಸ್ಪಿನ್ನರ್ ಸಾಕು?
– ಓದುಗರು, ಮಾಟುಂಗಾ

ಉತ್ತರ: ಎಷ್ಟು ಎನ್ನುವುದಕ್ಕಿಂತ ಯಾವ ತಂಡದವರು ಎಂದು ಕೇಳಿ. ಎರಡನೇ ಇನ್ನಿಂಗ್ಸ್ ಹೊತ್ತಿಗೆ ಇಬ್ಬನಿ ಬಿದ್ದರೆ ಚೆಂಡು ಒದ್ದೆಯಾಗಿ ಬೆರಳಿನಿಂದ ಜಾರುತ್ತದೆ, ತಿರುಗದೆ ಸರಕ್ಕನೆ ಬ್ಯಾಟಿಗೆ ಬರುತ್ತದೆ. ಟಾಸ್ ಗೆದ್ದ ನಾಯಕ ಮೊದಲು ಫೀಲ್ಡಿಂಗ್ ಕೇಳುವುದು ಇದಕ್ಕೇ. ಆದ್ದರಿಂದ ಮೊದಲು ಬೌಲ್ ಮಾಡುವ ತಂಡದಿಂದ ಸ್ಪಿನ್ನರ್ ತೆಗೆದುಕೊಳ್ಳಿ. ಎದುರಾಳಿಯಿಂದ ಹೊಸ ಚೆಂಡು ಹಿಡಿಯುವ ವೇಗಿ ವಾಸಿ. ಎರಡು ಪಟ್ಟು ಅಂಕದ ನಾಯಕತ್ವವನ್ನು ಗುರಿ ಬೆನ್ನಟ್ಟುವ ತಂಡದ ಆರಂಭಿಕನಿಗೆ ಕೊಡಿ. ಆ ತಂಡದ ಏಳನೇ ಕ್ರಮಾಂಕದವನು ಪ್ಯಾಡ್ ಕಟ್ಟಿಕೊಂಡೇ ಕೂತಿರಬಹುದು. ಹನ್ನೊಂದರ ಪಟ್ಟಿಯನ್ನು ಮಧ್ಯಾಹ್ನವೇ ಮುಗಿಸುವ ಚಟ ಬಿಡಿ. ಏಳೂವರೆ ಪಂದ್ಯಕ್ಕೆ ಏಳಕ್ಕೆ ಟಾಸ್. ಆ ಅರ್ಧ ಗಂಟೆ ಸಾಕು.

ಪ್ರಶ್ನೆ: ಮೈದಾನದ ಸರಾಸರಿ ಸ್ಕೋರ್ ನಂಬಬಹುದೇ?
– ಓದುಗರು, ಪಿಂಪ್ರಿ

ಉತ್ತರ: ಅರ್ಧ ಮಾತ್ರ. ಮೈದಾನ ಒಂದೇ ಆದರೂ ನಡುವೆ ಸಾಲಾಗಿ ಹಲವು ಪಿಚ್‌ಗಳಿರುತ್ತವೆ. ಹೋದ ವಾರ ಆಡಿದ ಪಿಚ್ಚೋ ಹೊಸದೋ ಎಂದು ಟಾಸ್‌ಗೆ ಮೊದಲಿನ ಪಿಚ್ ವರದಿಯಲ್ಲಿ ಕೇಳಿಸಿಕೊಳ್ಳಿ. ಬಳಸಿದ್ದಾದರೆ ಒಬ್ಬ ಸ್ಪಿನ್ನರ್ ಹೆಚ್ಚು. ಅಂಚಿನ ಪಿಚ್ ಆದರೆ ಒಂದು ಬದಿಯ ಬೌಂಡರಿ ಹತ್ತಿರ. ಆ ಕಡೆಗೆ ಎತ್ತಿ ಹೊಡೆಯುವವನು ಎಡಗೈಯೋ ಬಲಗೈಯೋ ನೋಡಿ.

ಪ್ರಶ್ನೆ: ಹಣ ಕಟ್ಟುವ ಸ್ಪರ್ಧೆಗೂ ಇದೇ ಲೆಕ್ಕವೇ?
– ಓದುಗರು, ಠಾಣೆ

ಉತ್ತರ: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡಿಸುವುದನ್ನು ನಿಷೇಧಿಸಿದೆ. ಮೇಲಿನದೆಲ್ಲ ಪುಕ್ಕಟೆ ಸ್ಪರ್ಧೆಗೆ.