‘ಅಕ್ರಾಸ್ ದ ಸ್ಪೈಡರ್-ವರ್ಸ್’ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ, ಯಾರನ್ನು ನಂಬುದು?

ನೀವು ಉಡುಪಿಯಿಂದ ಕೇಳಿದ್ದು ಇಷ್ಟು: 2023ರಲ್ಲಿ ಬಂದ ಈ ಸ್ಪೈಡರ್-ಮ್ಯಾನ್ ಅನಿಮೇಷನ್ ಚಿತ್ರದ ಎರಡನೇ ಭಾಗವನ್ನು ಕೆಲವರು ತಲೆ ಮೇಲೆ ಹೊತ್ತುಕೊಳ್ತಾರೆ. ಇನ್ನು ಕೆಲವರು ‘ಮಾತೇ ಕೇಳುದಿಲ್ಲ’, ‘ಚಿತ್ರ ತಡೆದು ತಡೆದು ಓಡ್ತದೆ’, ‘ಅರ್ಧ ಕಥೆ ತೋರಿಸಿ ಕಳಿಸಿದ್ರು’ ಅಂತಾರೆ. 9 ವರ್ಷದ ಮಗನನ್ನು ಕೂರಿಸಿಕೊಂಡು ಮನೆಯ ಟಿವಿಯಲ್ಲಿ ನೋಡಬಹುದಾ ಎಂಬುದು ಪ್ರಶ್ನೆ.

ನೋಡಿ, ಖಂಡಿತ ನೋಡಿ. ಆದರೆ ಆ ಮೂರು ದೂರುಗಳನ್ನು ಒಂದೇ ಚೀಲಕ್ಕೆ ಹಾಕಬೇಡಿ. ಮೊದಲನೆಯದು ನಿಜ, ಮನೆಯಲ್ಲಿ ಸರಿ ಮಾಡಿಕೊಳ್ಳಬಹುದು. ಎರಡನೆಯದರಲ್ಲಿ ಹೆಚ್ಚಿನ ಪಾಲು ಟಿವಿಯ ತಪ್ಪು. ಮೂರನೆಯದು ಮಾತ್ರ ಚಿತ್ರದ ಬಗೆಗಿನ ನ್ಯಾಯವಾದ ದೂರು.

ಧ್ವನಿಯ ವಿಷಯ. ಚಿತ್ರ ಶುರುವಾಗುದು ಗ್ವೆನ್ ಎಂಬ ಇನ್ನೊಂದು ಲೋಕದ ಜೇಡ-ಹುಡುಗಿ ಡ್ರಮ್ಸ್ ಬಾರಿಸುದರಿಂದ. ಡ್ರಮ್ಸ್, ಸಂಗೀತ, ಅವಳ ಮಾತು ಮೂರೂ ಒಂದರ ಮೇಲೊಂದು ಬರ್ತವೆ. ಬಿಡುಗಡೆಯಾದ ವಾರದಲ್ಲೇ ಅಮೆರಿಕದ ಪ್ರೇಕ್ಷಕರು ಮಾತು ಮುಳುಗಿ ಹೋಗ್ತದೆ ಅಂತ ಗಲಾಟೆ ಮಾಡಿದರು. ನಿರ್ಮಾಪಕರಲ್ಲಿ ಒಬ್ಬರಾದ ಫಿಲ್ ಲಾರ್ಡ್ ಅವರೇ ಚಿತ್ರಮಂದಿರದವರಿಗೆ ವಾಲ್ಯೂಮನ್ನು 7ಕ್ಕೋ 7.5ಕ್ಕೋ ಇಡಿ ಅಂತ ಕೇಳಿಕೊಂಡರು. ಈ 7 ಎಂದರೆ ಎಂತದು? ಚಿತ್ರಮಂದಿರದ ಸೌಂಡ್ ಪ್ರೊಸೆಸರಿನಲ್ಲಿ 0ಯಿಂದ 10ರವರೆಗೆ ಅಂಕಿ ಉಂಟು. ಸ್ಟುಡಿಯೋದಲ್ಲಿ ಮಿಕ್ಸ್ ಮಾಡುವಾಗ ಕೇಳಿದ ಮಟ್ಟವೇ 7. ಪರೀಕ್ಷೆಯ ಶಬ್ದ ಹಾಕಿದರೆ ಪರದೆಯ ಹಿಂದಿನ ಒಂದೊಂದು ಸ್ಪೀಕರಿನಿಂದಲೂ 85 ಡೆಸಿಬಲ್ ಬರಬೇಕು ಅಂತ ಲೆಕ್ಕ. ಆದರೆ ಜಾಹೀರಾತು, ಟ್ರೇಲರ್ ಕಿವಿ ಒಡೆಯುವ ಹಾಗೆ ಬರ್ತದೆ ಅಂತ ಪ್ರೇಕ್ಷಕರು ದೂರಿದಾಗ ಎಷ್ಟೋ ಕಡೆ ಅದನ್ನು 5ಕ್ಕೆ, 4.5ಕ್ಕೆ ಇಳಿಸಿ ಹಾಗೇ ಬಿಟ್ಟುಬಿಡ್ತಾರೆ. ಆಗ ಹೊಡೆದಾಟದ ಸದ್ದು ಕಡಿಮೆಯಾದರೂ ಕೇಳ್ತದೆ, ಪಿಸುಮಾತು ಮಾತ್ರ ಹೋಗಿಬಿಡ್ತದೆ. ಹಾಗಾಗಿ ಒಂದು ಚಿತ್ರಮಂದಿರದಲ್ಲಿ ನೋಡಿದವರಿಗೆ ಎಲ್ಲ ಸ್ಪಷ್ಟ, ಪಕ್ಕದ ಚಿತ್ರಮಂದಿರದವರಿಗೆ ಅರ್ಧವೂ ಅರ್ಥವಾಗಲಿಲ್ಲ ಅಂದರೆ ಇಬ್ಬರೂ ಹೇಳುದು ಸತ್ಯವೇ. ಇದರ ಮೇಲೆ, ಸಣ್ಣಪುಟ್ಟ ವ್ಯತ್ಯಾಸ ಇರುವ ಬೇರೆ ಬೇರೆ ಪ್ರತಿಗಳೂ ಚಿತ್ರಮಂದಿರಗಳಿಗೆ ಹೋಗಿದ್ದವು. ಅದನ್ನು ತಂಡದವರೇ ಒಪ್ಪಿದ್ದಾರೆ.

ಮನೆಯಲ್ಲಿ ಸಮಸ್ಯೆಯ ಮೂಲ ಬೇರೆ. 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ ಅಂತ ಮಾಡಿದ್ದರಲ್ಲಿ, ಮಾತು ಮುಖ್ಯವಾಗಿ ನಡುವಿನ ಸ್ಪೀಕರಿಗೆ ಹೋಗ್ತದೆ. ಹೆಚ್ಚಿನ ಟಿವಿಗಳಲ್ಲಿ ಅಂಥ ಸ್ಪೀಕರ್ ಇಲ್ಲ, ಇರುವುದು ಎರಡೇ, ಅವು ಕೂಡ ಗೋಡೆ ಕಡೆಗೋ ನೆಲದ ಕಡೆಗೋ ಮುಖ ಮಾಡಿರ್ತವೆ. ಸೌಂಡ್‌ಬಾರ್ ಇಲ್ಲದಿದ್ದರೆ ಚಿತ್ರ ನೋಡುವ ಆ್ಯಪಿನ ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ತೆಗೆದುಕೊಳ್ಳಿ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇದ್ದರೆ ಹಾಕಿ, ‘ಸರೌಂಡ್’ ಅಂತ ಇರುವುದನ್ನು ತೆಗೆಯಿರಿ. ನಡುವಿನ ಚಾನೆಲ್ ಇರುವ ಸೌಂಡ್‌ಬಾರ್ ಆದರೆ ಅದೊಂದನ್ನೇ 2–3 ಡೆಸಿಬಲ್ ಏರಿಸಿ, ಒಟ್ಟು ವಾಲ್ಯೂಮ್ ಏರಿಸಬೇಡಿ. ಮಳೆಗಾಲದಲ್ಲಿ ಟೆರೇಸಿನ ಶೀಟಿನ ಮೇಲೆ ಧೋ ಅಂತ ಹೊಯ್ಯುವಾಗ ಇದ್ಯಾವುದೂ ಸಾಕಾಗುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.

ಈಗ ‘ತಡೆದು ತಡೆದು ಓಡ್ತದೆ’ ಎಂಬುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಚಿತ್ರದ ಜೀವ ಇರುವುದೇ ಇಲ್ಲಿ. ಸಿನಿಮಾ ಎಂದರೆ ಸೆಕೆಂಡಿಗೆ 24 ಚೌಕಟ್ಟು. ಇಲ್ಲಿ ಪಾತ್ರಗಳ ಒಂದು ಭಂಗಿಯನ್ನು ಹೆಚ್ಚಾಗಿ ಎರಡು ಚೌಕಟ್ಟು ನಿಲ್ಲಿಸ್ತಾರೆ, ಅಂದರೆ ಸೆಕೆಂಡಿಗೆ 12 ಭಂಗಿ. ಕಾಮಿಕ್ ಪುಸ್ತಕದ ಚಿತ್ರವೇ ಎದ್ದು ಓಡಿದ ಹಾಗೆ ಕಾಣಲಿ ಅಂತ ಬೇಕೆಂದೇ ಮಾಡಿದ್ದು. ಹೋಬಿ ಎಂಬ ಗಿಟಾರಿನ ಹುಡುಗ ಬಂದಾಗ ಗಮನಿಸಿ: ಅವನ ಮೈ ಒಂದು ವೇಗದಲ್ಲಿ, ಜಾಕೆಟ್ ಇನ್ನೊಂದು ವೇಗದಲ್ಲಿ, ಗಿಟಾರ್ ಮತ್ತೊಂದರಲ್ಲಿ ಬದಲಾಗ್ತದೆ. ಯಾವ ನಿಯಮಕ್ಕೂ ಬಗ್ಗದವನು ಅವನು, ಅದನ್ನು ಮಾತಿಲ್ಲದೆ ಹೇಳಿದ ರೀತಿ ಇದು.

ಹೊಸ ಟಿವಿಗಳಿಗೆ ಇದು ತಪ್ಪಿನ ಹಾಗೆ ಕಾಣ್ತದೆ. ಎರಡು ಭಂಗಿಗಳ ನಡುವೆ ತಾವೇ ಒಂದು ಹೊಸ ಚಿತ್ರ ಹುಟ್ಟಿಸಿ ತುಂಬಿಸ್ತವೆ. ಭಂಗಿ ನಿಂತಲ್ಲಿ ಚಿತ್ರ ನಿಲ್ತದೆ, ಬದಲಾದಲ್ಲಿ ಜಾರ್ತದೆ, ಅಂಚುಗಳು ಕಲಸಿ ಹೋಗ್ತವೆ. ನೋಡುವವರು ದೂರುದು ಚಿತ್ರವನ್ನು. ಸೋನಿಯಲ್ಲಿ ಇದಕ್ಕೆ ‘ಮೋಷನ್‌ಫ್ಲೋ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’ ಅಥವಾ ‘ಆಟೋ ಮೋಷನ್ ಪ್ಲಸ್’ ಅಂತ ಹೆಸರು. ಪಿಕ್ಚರ್ ಸೆಟ್ಟಿಂಗಿನ ಒಳಗೆ ಹೋಗಿ ಪೂರ್ತಿ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನು ಒತ್ತಿದರೆ ಸಾಕು. ಒಂದು ಎಚ್ಚರ: ಕೆಲವು ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಮೂಲಕ್ಕೂ ಬೇರೆ. ಸೆಟ್‌ಟಾಪ್ ಬಾಕ್ಸಿಗೆ ತೆಗೆದದ್ದು ಆ್ಯಪಿಗೆ ಹಾಗೇ ಉಳಿದಿರಬಹುದು, ಚಿತ್ರ ಹಾಕಿದ ಮೇಲೇ ನೋಡಿ ತೆಗೆಯಿರಿ.

ಹಿನ್ನೆಲೆಯಲ್ಲಿ ಕೆಂಪು ನೀಲಿ ಅಂಚು ಪಕ್ಕಕ್ಕೆ ಸರಿದ ಹಾಗೆ, ಕನ್ನಡಕ ಇಲ್ಲದೆ 3ಡಿ ನೋಡಿದ ಹಾಗೆ ಕಾಣ್ತದೆ ಎಂಬುದೂ ದೂರೇ ಅಲ್ಲ. ಹಳೆಯ ಕಾಮಿಕ್ಸಿನಲ್ಲಿ ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರದೆ ಹಾಗೆ ಆಗ್ತಿತ್ತು. ಅದನ್ನೇ ತಂದಿದ್ದಾರೆ. ಕಥೆ ಹಲವು ಲೋಕಗಳಲ್ಲಿ ನಡೀತದೆ, ಒಂದೊಂದು ಲೋಕಕ್ಕೆ ಒಂದೊಂದು ಚಿತ್ರಶೈಲಿ. ನಮ್ಮಲ್ಲಿ ಯಕ್ಷಗಾನದ ಕಿರೀಟ, ಮುಂಡಾಸು ನೋಡಿದ ಕೂಡಲೇ ತೆಂಕೋ ಬಡಗೋ ಅಂತ ಮಕ್ಕಳೂ ಹೇಳುದಿಲ್ಲವಾ, ಹಾಗೆ ಇಲ್ಲಿ ಬಣ್ಣ ನೋಡಿಯೇ ಯಾವ ಲೋಕ ಅಂತ ಗೊತ್ತಾಗ್ತದೆ. ಗ್ವೆನ್‌ಳ ಲೋಕ ಪೂರ್ತಿ ಜಲವರ್ಣ. ಅಪ್ಪನ ಜೊತೆ ಅವಳು ಮಾತಾಡುವಾಗ ಗೋಡೆಯ ಬಣ್ಣ ಇಳಿದು ಹರಿಯುದನ್ನು ಮಗನಿಗೆ ತೋರಿಸಿ. ಮುಂಬೈ ಮತ್ತು ಮ್ಯಾನ್‌ಹಟನ್ ಸೇರಿಸಿ ಕಟ್ಟಿದ ‘ಮುಂಬಾಟನ್’ ನಗರಕ್ಕೆ ಮಾದರಿ ನಮ್ಮದೇ ಇಂದ್ರಜಾಲ ಕಾಮಿಕ್ಸ್. ಅಲ್ಲಿಯ ಪವಿತ್ರ್ ಪ್ರಭಾಕರ್, ‘ಚಾಯ್ ಟೀ’ ಅಂದವನಿಗೆ ಚಾಯ್ ಅಂದರೇ ಟೀ ಅಂತ ಬೈಯುವ ಜಾಗದಲ್ಲಿ ನಮ್ಮ ಚಾ ಕುಡಿಯುವವರೆಲ್ಲ ನಗ್ತಾರೆ.

ಮೂರನೆಯ ದೂರನ್ನು ನಾನು ಒಪ್ತೇನೆ. 140 ನಿಮಿಷ ನೋಡಿದ ಮೇಲೆ ಕಥೆ ತುದಿ ಮುಟ್ಟದೆ ನಿಲ್ತದೆ, ಮಂಗಳ ಹಾಡದೆ ಆಟ ಮುಗಿಸಿದ ಹಾಗೆ. 2021ರ ಡಿಸೆಂಬರಿನಲ್ಲಿ ಮೊದಲ ತುಣುಕು ಬಂದಾಗ ಹೆಸರಿನಲ್ಲೇ ‘ಪಾರ್ಟ್ ಒನ್’ ಅಂತ ಇತ್ತು. 2022ರಲ್ಲಿ ಅದನ್ನು ತೆಗೆದು ಮುಂದಿನದಕ್ಕೆ ‘ಬಿಯಾಂಡ್’ ಅಂತ ಬೇರೆ ಹೆಸರು ಕೊಟ್ಟರು. ಸುದ್ದಿ ಹಿಂಬಾಲಿಸದವರು ಪೂರ್ತಿ ಕಥೆ ಅಂತಲೇ ಟಿಕೆಟ್ ತೆಗೆದರು. ‘ಪಾರ್ಟ್ ಒನ್’ ಹಾಗೇ ಇಟ್ಟಿದ್ದರೆ ಅರ್ಧ ಸಿಟ್ಟು ಹುಟ್ಟುತ್ತಲೇ ಇರಲಿಲ್ಲ. 2024ರ ಮಾರ್ಚಿಗೆ ಅಂತ ಹೇಳಿದ್ದ ಮುಂದಿನ ಭಾಗ 2027ಕ್ಕೆ ಹೋದದ್ದರಿಂದ ಆ ಸಿಟ್ಟು ಇನ್ನೂ ಆರಿಲ್ಲ.

ಅಂಕಗಳ ಬಗ್ಗೆ ಒಂದು ಮಾತು. ವಿಮರ್ಶೆಗಳನ್ನು ಒಟ್ಟು ಮಾಡುವ ರಾಟನ್ ಟೊಮೆಟೋಸ್ ವೆಬ್‌ಸೈಟಿನಲ್ಲಿ ಕಾಣುವ ಶೇಕಡಾ ಎಂದರೆ ಚಿತ್ರಕ್ಕೆ ಬಿದ್ದ ಅಂಕ ಅಲ್ಲ, ‘ಅಡ್ಡಿಯಿಲ್ಲ’ ಅಂದ ವಿಮರ್ಶಕರ ಪಾಲು. ಸಿನಿಮಾಸ್ಕೋರ್ ಎಂಬ ಸಂಸ್ಥೆ ಕೊಡುವ ದರ್ಜೆ ಅಮೆರಿಕದಲ್ಲಿ ಮೊದಲ ದಿನವೇ ಬಂದವರನ್ನು ಕೇಳಿ ಹಾಕಿದ್ದು. 2018ರ ಮೊದಲ ಭಾಗಕ್ಕೆ ಎ ಪ್ಲಸ್ ಸಿಕ್ಕಿತ್ತು, ಇದಕ್ಕೆ ಎ. ಮೊದಲ ದಿನ ಓಡಿ ಬರುವವರು ಅಭಿಮಾನಿಗಳು. ಅವರಲ್ಲೇ ಈ ಸಣ್ಣ ಇಳಿತ ಕಂಡದ್ದು ಬಹುಶಃ ಆ ಕೊನೆಯಿಂದಲೇ ಅಂತ ನನ್ನ ಅಂದಾಜು.

ಮಗನಿಗೆ ಮೊದಲು 2018ರದ್ದನ್ನು ತೋರಿಸಿ, ಅದು 117 ನಿಮಿಷ. ಅದು ಬಿಟ್ಟು ನೇರ ಇದಕ್ಕೆ ಬಂದವರೇ ‘ತಲೆಬುಡ ಗೊತ್ತಾಗಲಿಲ್ಲ’ ಅನ್ನುವವರಲ್ಲಿ ಹೆಚ್ಚು. ಅದರಲ್ಲಿ ಪ್ರಯೋಗಾಲಯದಿಂದ ಓಡುವಾಗ ಒಬ್ಬನ ತಲೆಗೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ ಬೀಳ್ತದೆ. ಎರಡನೇ ಭಾಗದ ಖಳ ಅವನೇ. ಕಚ್ಚಿದ ಜೇಡದ ಮೈಮೇಲಿನ 42 ಎಂಬ ಅಂಕಿಯನ್ನೂ ನೋಡಿಟ್ಟುಕೊಳ್ಳಲಿ, ಇಲ್ಲಿ ಕೊನೆಯಲ್ಲಿ ಬೇಕಾಗ್ತದೆ.

ಒಂದೇ ಸಲ ಕೂರಿಸಬೇಡಿ. ಗ್ವೆನ್‌ಳ ಸುಮಾರು 20 ನಿಮಿಷದ ಪೀಠಿಕೆ ಮುಗಿದ ಮೇಲೆ ನಾಯಕ ಮೈಲ್ಸ್‌ನ ಕಥೆ ಬರ್ತದೆ. ಮುಂಬಾಟನ್ ಭಾಗ ಮುಗಿದಲ್ಲಿ ನಿಲ್ಲಿಸಿ ತಿಂಡಿ ಕೊಡಿ. ಮತ್ತೆ ಉಳಿದದ್ದು ಒಂದೇ ಓಟ. ರಕ್ತ ಹೆಚ್ಚಿಲ್ಲ, ಆದರೆ ಶುರುವಿನಲ್ಲೇ ಗೆಳೆಯನ ಸಾವು, ಆಮೇಲೆ ಅಪ್ಪ ಸಾಯ್ತಾರೆ ಎಂಬ ಭಯ ಕಥೆಯುದ್ದಕ್ಕೂ ಉಂಟು. ಪಕ್ಕದಲ್ಲಿ ಕೂತಿರಿ. ಬೆಳಕು ಮಿಣಮಿಣ ಹೊಡೆಯುವ ದೃಶ್ಯ ಬಹಳ, ಹಾಗಾಗಿ ಕೋಣೆಯ ಲೈಟ್ ಪೂರ್ತಿ ಆರಿಸಬೇಡಿ. ಮನೆಯಲ್ಲಿ ಯಾರಿಗಾದರೂ ಅಪಸ್ಮಾರ ಇದ್ದರೆ ಅವರಿಗೆ ಬೇಡ.

ಭಾಷೆ: ಚಿತ್ರಮಂದಿರಕ್ಕೆ ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬಂದಿತ್ತು. ಚಿತ್ರಮಂದಿರಕ್ಕೆ ಬಂದ ಭಾಷೆಯೆಲ್ಲ ಆ್ಯಪಿಗೂ ಬರ್ತದೆ ಅಂತ ಇಲ್ಲ, ಬಾಡಿಗೆ ಕಟ್ಟುವ ಮೊದಲು ಆಡಿಯೋ ಪಟ್ಟಿಯಲ್ಲಿ ಕನ್ನಡ ಉಂಟಾ ನೋಡಿ. ಇದ್ದರೆ ಮಗನಿಗೆ ಅದನ್ನೇ ಹಾಕಿ. ಕಣ್ಣಿಗೆ ಇಷ್ಟು ಕೆಲಸ ಇರುವ ಚಿತ್ರದಲ್ಲಿ ಸಬ್‌ಟೈಟಲ್ ಓದುತ್ತಾ ಕೂತರೆ ಚಿತ್ರವೇ ತಪ್ಪಿಹೋಗ್ತದೆ. ಮತ್ತೆ, ಶುರು ಮಾಡುವ ಮೊದಲೇ ಅವನಿಗೆ ಹೇಳಿಡಿ: ಕಥೆ ಇವತ್ತು ಮುಗಿಯುದಿಲ್ಲ.