ಗಂಟಲಿನ ಪ್ರೋಟಾನ್ ಪಂಪುಗಳಿಂದಲೇ ಹುಳಿ ಹುಟ್ಟುತ್ತದೆಯೇ?

ಗಂಟಲಲ್ಲೂ ಪ್ರೋಟಾನ್ ಪಂಪುಗಳು, ಅಂದರೆ ಆಮ್ಲವನ್ನು ಹೊರಹಾಕುವ ಪ್ರೋಟೀನುಗಳು, ಇವೆ ಎಂದಾದರೆ ಆಮ್ಲ ಅಲ್ಲಿಯೇ ಹುಟ್ಟುತ್ತದೆಯೇ, ಆ ಪಂಪುಗಳನ್ನು ತಡೆಯುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿದರೂ ಗಂಟಲುರಿ ಏಕೆ ಹೋಗುತ್ತಿಲ್ಲ ಎಂದು ಕೇಳಿದ್ದೀರಿ. ಪಂಪುಗಳಿರುವುದು ನಿಜ, ಮನುಷ್ಯರ ಧ್ವನಿಪೆಟ್ಟಿಗೆಯ ಲೋಳೆಗ್ರಂಥಿಗಳಲ್ಲಿ ಅವನ್ನು ಗುರುತಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆದರೆ ಪೊಟ್ಯಾಸಿಯಂ ಒಳಗೆಳೆದು, ಹುಳಿಗೆ ಕಾರಣವಾದ ಪ್ರೋಟಾನನ್ನು (ಹೈಡ್ರೋಜನ್ ಅಯಾನು) ಹೊರದೂಡುತ್ತ, ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮೀರಿ ಅದನ್ನು ಒಟ್ಟುಗೂಡಿಸುವ ಶಕ್ತಿ ಜಠರದ ಕೋಶಗಳದ್ದೇ. ಗಂಟಲನ್ನು ಸುಡುವ ಹುಳಿ ಕೆಳಗಿನಿಂದ ಬಂದದ್ದೆಂದೇ ನಾನು ತಿಳಿಯುತ್ತೇನೆ.

ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನನಗೆ ಎದೆಯುರಿ ಎಂದೂ ಇರಲಿಲ್ಲ. ಮೂರನೆಯ ಪಿರಿಯಡ್ಡಿನ ಹೊತ್ತಿಗೆ ದನಿ ಒಡೆಯುತ್ತಿತ್ತು, ಗಂಟಲಲ್ಲಿ ಜೋಳದ ರೊಟ್ಟಿಯ ಚೂರು ಸಿಕ್ಕಿಕೊಂಡಂತೆ ಸದಾ ಕೆಮ್ಮಿ ಸರಿಪಡಿಸಿಕೊಳ್ಳಬೇಕಾಗುತ್ತಿತ್ತು. ನಮ್ಮ ಕಡೆ ಇದನ್ನೆಲ್ಲ 'ಪಿತ್ತ' ಎಂದುಬಿಡುತ್ತಾರೆ, ಆದರೆ ಪಿತ್ತರಸದ ಮನೆಯೇ ಬೇರೆ. ವೈದ್ಯರು ಮೂಗಿನಿಂದ ಸಪೂರ ಕ್ಯಾಮೆರಾ ಇಳಿಸಿ, ಧ್ವನಿತಂತುಗಳ ಹಿಂದೆ ಕೆಂಪಗೆ ಊದಿಕೊಂಡ ಜಾಗವನ್ನು ಪರದೆಯ ಮೇಲೆ ತೋರಿಸಿದರು.

ನನಗೂ ಇಂಥದೇ ಮಾತ್ರೆ ಕೊಟ್ಟಿದ್ದರು, ಅದರ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೆ. ರಾತ್ರಿ ಹತ್ತಕ್ಕೆ ಗಿರಮಿಟ್ಟು, ಮಿರ್ಚಿ ತಿಂದು, ಕೈ ತೊಳೆದ ಮೇಲೆ ನುಂಗುತ್ತಿದ್ದೆ. ಈ ಮಾತ್ರೆ ರಕ್ತದ ಮೂಲಕ ಜಠರದ ಕೋಶವನ್ನು ತಲುಪಿ, ಅಲ್ಲಿಯ ತೀವ್ರ ಆಮ್ಲದಲ್ಲಷ್ಟೇ ಚುರುಕಾಗಿ, ಆ ಹೊತ್ತಿಗೆ ಕೆಲಸದಲ್ಲಿರುವ ಪಂಪುಗಳಿಗೆ ಮಾತ್ರ ಕಚ್ಚಿಕೊಳ್ಳುತ್ತದೆ. ಪಂಪುಗಳನ್ನು ಎಬ್ಬಿಸುವುದು ಊಟ, ಆದ್ದರಿಂದ ಅರ್ಧ ತಾಸಿನಿಂದ ಒಂದು ತಾಸು ಮೊದಲೇ ನುಂಗಬೇಕು. ಅಂಥ ಆಮ್ಲವಿಲ್ಲದ ಗಂಟಲಿನ ಗ್ರಂಥಿಗಳಲ್ಲಿ ಅದು ಹೆಚ್ಚೇನೂ ಮಾಡಲಾರದೆಂದು ನನ್ನ ಊಹೆ.

ಇನ್ನೊಂದು ತೊಡಕು ಪೆಪ್ಸಿನ್, ಜಠರದಲ್ಲಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವ. ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆಯೇ ಹೊರತು ಜಠರದ ರಸ ಮೇಲೇರುವುದನ್ನು ತಡೆಯುವುದಿಲ್ಲ. ಅದರೊಂದಿಗೆ ಬಂದ ಪೆಪ್ಸಿನ್ ಗಂಟಲಿನ ಪದರಕ್ಕೆ ಅಂಟಿ ನಿದ್ದೆ ಹೋದಂತಿದ್ದು, ಮತ್ತೆ ಹುಳಿ ತಾಗಿದೊಡನೆ ಎಚ್ಚರಗೊಳ್ಳಬಲ್ಲದು. ಬ್ರಿಟನ್ನಿನ ಪ್ರಯೋಗವೊಂದರಲ್ಲಿ 16 ವಾರ ದಿನಕ್ಕೆರಡು ಬಾರಿ ಇದೇ ಬಗೆಯ ಲ್ಯಾನ್ಸೊಪ್ರಜೋಲ್ ತೆಗೆದುಕೊಂಡವರ ಗಂಟಲ ತೊಂದರೆ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರದಕ್ಕಿಂತ ಹೆಚ್ಚು ಇಳಿಯಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಹಾಗೆಂದು ವೈದ್ಯರು ಕೊಟ್ಟದ್ದನ್ನು ನೀವಾಗಿಯೇ ಬಿಡಬೇಡಿ.

ನನಗೆ ಗುಣ ಕೊಟ್ಟದ್ದು ರಾತ್ರಿಯೂಟವನ್ನು ಏಳೂವರೆಗೆ ತಂದದ್ದು ಮತ್ತು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಮರದ ದಿಮ್ಮಿ ಇಟ್ಟದ್ದು. ದನಿ ತಿಳಿಯಾಗಲು ಎರಡು ತಿಂಗಳು ಹಿಡಿಯಿತು. ನಿಮ್ಮ ದನಿಯೂ ಒಡೆದಿದ್ದು ನಾಲ್ಕು ವಾರ ಮೀರಿದ್ದರೆ, ಅಥವಾ ನುಂಗುವಾಗ ತುತ್ತು ಸಿಕ್ಕಿಕೊಳ್ಳುತ್ತಿದ್ದರೆ, ಇದನ್ನು ಹುಳಿತೇಗೆಂದು ಭಾವಿಸಿ ಕಾಯದೆ ಕಿವಿ-ಮೂಗು-ಗಂಟಲು ವೈದ್ಯರಿಂದ ಒಮ್ಮೆ ಒಳಗೆ ನೋಡಿಸಿ.