‘ಆರಾಮ ಅದೀನ್ರಿ’ ಅಂದವರಿಗೆ ಮಾಸಾಶನ ಯಾಕೆ ತಪ್ಪಿತು

ಕಲಬುರಗಿಯಲ್ಲಿ ಮನೆಯಿಲ್ಲದೆ ಬದುಕುವ, ಮಾನಸಿಕ ಕಾಯಿಲೆ ಇರುವ ಜನರಿಗೆ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿಸುವುದು ನನ್ನ ಕೆಲಸದ ಒಂದು ಭಾಗ. ಅರ್ಜಿ ಬಿದ್ದುಹೋಗುವುದು ಮತ್ತೆ ಮತ್ತೆ ಒಂದೇ ಜಾಗದಲ್ಲಿ, ಡಾಕ್ಟರರ ತಪಾಸಣೆಯಲ್ಲಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ವಿವರ ಬದಲಿಸಿದ್ದೇನೆ.

ಮಲ್ಲಣ್ಣ ಅನ್ನೋಣ. ಫರಸಿ ಕಲ್ಲಿನ ಕೆಲಸ ಮಾಡಿದವರು. ಸ್ಕಿಜೋಫ್ರೇನಿಯಾ ಇದೆ. ಮಲಗುವುದು ರೈಲ್ವೆ ಸ್ಟೇಷನ್ ಹತ್ತಿರ, ಊಟ ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ. ತಪಾಸಣೆಯಲ್ಲಿ ಅವರ ಅಂಗವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಬಂತು. 40 ಇಲ್ಲದಿದ್ದರೆ ಮಾಸಾಶನವಿಲ್ಲ.

‘ಡಾಕ್ಟರ್ ಏನು ಕೇಳಿದರು?’ ಅಂದೆ.

‘ಊಟ ಮಾಡ್ತಿಯೇನು ಅಂದ್ರು. ಮಾಡ್ತೀನಿ ಅಂದೆ. ನಿದ್ದಿ ಬರ್ತದೇನು ಅಂದ್ರು. ಛಲೋ ಬರ್ತದ ಅಂದೆ. ಕೆಲಸಕ್ಕ ಹೋಗ್ತೀನಿ ಅಂತನೂ ಹೇಳೀನ್ರಿ.’

‘ನಿನ್ನೆ ಏನೇನು ಮಾಡಿದಿರಿ? ಬೆಳಗಿನಿಂದ ಹೇಳಿ.’

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಹೊರಬಂತು. ರಾತ್ರಿಯಿಡೀ ಕಿವಿಯಲ್ಲಿ ಯಾರೋ ಬೈಯುತ್ತಿದ್ದರು. ಕೂಲಿ ಕರೆಯುವ ನಾಕಾಕ್ಕೆ ಹೋಗಿ ನಿಂತು, ಯಾರೂ ಕರೆಯುವ ಮೊದಲೇ ವಾಪಸ್ ಬಂದಿದ್ದರು. ದಾಸೋಹದ ಸಾಲಿನಲ್ಲಿ ಜನರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಉಣ್ಣದೆ ಎದ್ದಿದ್ದರು.

‘ಇದನ್ನ ಯಾಕೆ ಹೇಳಲಿಲ್ಲ?’

‘ಅಕ್ಕೋರೆ, ಪೊಲೀಸ್ರು ಕೇಳಿದಾಗೂ ಆರಾಮ ಅದೀನಿ ಅಂತನೇ ಹೇಳ್ತೀನ್ರಿ. ತಲಿ ಸರಿ ಇಲ್ಲ ಅಂದ್ರ ಗಾಡ್ಯಾಗ ಹಾಕ್ಕೊಂಡು ಹೋಗ್ತಾರ.’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಬೀದಿಯಲ್ಲಿ ಬದುಕುವವರಿಗೆ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಎಬ್ಬಿಸಿ ಓಡಿಸುವವರೇ, ಅಲ್ವಾ? ಚೆನ್ನಾಗಿದ್ದೇನೆ ಅನ್ನುವ ಉತ್ತರವೇ ಅವರನ್ನು ಇಷ್ಟು ವರ್ಷ ಕಾಪಾಡಿದೆ. ತಪಾಸಣೆಯ ಕೋಣೆಯಲ್ಲಿ ಅದೇ ಉತ್ತರ ಅವರ ಹಕ್ಕನ್ನು ಕಸಿಯುತ್ತದೆ.

ಮಾನಸಿಕ ಕಾಯಿಲೆಯನ್ನು ‘ಐಡಿಯಾಸ್’ ಅನ್ನುವ ಅಳತೆಯಲ್ಲಿ ನೋಡುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಅರ್ಥವಾಗುವುದು ಮತ್ತು ಹೇಳಲು ಬರುವುದು, ದುಡಿಮೆ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ರೋಗಿಯ ಮಾತಿನ ಜೊತೆ ಮನೆಯವರ ಮಾತನ್ನೂ ಕೇಳುತ್ತಾರೆ. ಮನೆಯೇ ಇಲ್ಲದವರ ಪರವಾಗಿ ಯಾರು ಹೇಳಬೇಕು?

ಎರಡನೇ ಸಲ ತಪಾಸಣೆಗೆ ಹೋಗುವ ಮೊದಲು ಮಲ್ಲಣ್ಣನವರಿಗೆ ನಾನು ಹೇಳಿದ್ದು ಇಷ್ಟು. ಒಳ್ಳೆಯ ದಿನದ ಮಾತು ಬೇಡ. ಕಳೆದ ವಾರ ಹೇಗಿತ್ತೋ ಹಾಗೆ ಹೇಳಿ. ಒಂದಕ್ಷರ ಸೇರಿಸಬೇಡಿ, ಒಂದಕ್ಷರ ಮುಚ್ಚಿಡಬೇಡಿ. ಈ ತಪಾಸಣೆ ಹಿಡಿದುಕೊಂಡು ಹೋಗಲಿಕ್ಕೆ ಅಲ್ಲ. ದಿನಾ ನಿಮ್ಮನ್ನು ನೋಡುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಸ್ಟೇಷನ್ ಹೊರಗಿನ ಚಹಾದ ಅಂಗಡಿಯವರು ಒಂದು ಮುಂಜಾನೆಯ ವ್ಯಾಪಾರ ಬಿಟ್ಟು ಬಂದರು. ‘ಒಮ್ಮೊಮ್ಮೆ ಎರಡು ದಿನ ಚಾ ಸೈತ ಮುಟ್ಟಂಗಿಲ್ರಿ, ಗ್ವಾಡಿಗಿ ಮುಖ ಮಾಡಿ ಕೂಡ್ತಾರ’ ಅಂದರು. ನಾನು ಕಂಡದ್ದನ್ನು ತಾರೀಖು ಸಮೇತ ಒಂದು ಪುಟ ಬರೆದುಕೊಟ್ಟೆ. ಹಳೆಯ ಆಸ್ಪತ್ರೆ ಚೀಟಿಗಳನ್ನೂ ಇಟ್ಟೆವು. ಈ ಸಲ 40 ದಾಟಿತು.

ಇದು ಸುಳ್ಳು ಹೇಳಿಕೊಡುವುದಲ್ಲವೇ ಎಂದು ಕೆಲವರು ಕೇಳಿದ್ದಾರೆ. ಅಲ್ಲ. ಮೊದಲ ಸಲ ಹೇಳಿದ್ದೇ ಸುಳ್ಳು, ಭಯದ ಸುಳ್ಳು. ಸ್ನಾನ ಮಾಡಿಸಬೇಡಿ, ಹರಕು ಬಟ್ಟೆಯಲ್ಲೇ ಕಳಿಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಮನುಷ್ಯನ ಮರ್ಯಾದೆ ತೆಗೆದು ಅಂಕ ಗಳಿಸಬೇಕಾಗಿಲ್ಲ. ಒಗೆದ ಅಂಗಿ ಹಾಕಿಕೊಂಡೇ ಹೋಗಲಿ, ಅದನ್ನು ಒಗೆದುಕೊಟ್ಟವರು ಯಾರು ಎಂದು ಡಾಕ್ಟರಿಗೆ ಹೇಳಿದರೆ ಸಾಕು. ಅಂಕ ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿಗೂ ದಾರಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ.

ಮಾಸಾಶನದ ಅರ್ಜಿಗೆ ಬೇಕಾಗುವ ಆಧಾರ್ ವಿಷಯದಲ್ಲಿ ಒಂದು ಮಾತು. ಕಾರ್ಡ್ ಕಳೆದವರಿಗೆ ಹೊಸದಾಗಿ ನೋಂದಣಿ ಮಾಡಿಸಲು ಹೋಗಬೇಡಿ. ಹಳೆಯ ಬೆರಳಚ್ಚು ಸಿಕ್ಕರೆ ಆ ಹೊಸ ನೋಂದಣಿ ತಿರಸ್ಕಾರವಾಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳು ಕೊಟ್ಟು ಹಳೆಯ ನಂಬರನ್ನೇ ಹುಡುಕಿಸಿ. ವಿಳಾಸಕ್ಕೆ ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರ ಪ್ರಮಾಣಪತ್ರ ನಡೆಯುತ್ತದೆ. ಏಜೆಂಟರ ಮೊಬೈಲ್ ನಂಬರ್ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ. ಒಟಿಪಿ ಅವರ ಕೈಗೆ ಹೋದರೆ ದುಡ್ಡೂ ಹೋದಂತೆಯೇ.

ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಮಾಸಾಶನ ಶುರುವಾಯಿತು. ಮಲ್ಲಣ್ಣನವರ ಪ್ರಮಾಣಪತ್ರ ಮಾತ್ರ ತಾತ್ಕಾಲಿಕ, ಮತ್ತೆ ತಪಾಸಣೆ ಇದೆ. ಅಲ್ಲಿಯವರೆಗಿನ ಪ್ರತಿ ಮಾತ್ರೆ ಚೀಟಿ ಉಳಿಸಬೇಕು. ಜೇಬಿನಲ್ಲಿಟ್ಟರೆ ಮಳೆಗೆ ಹೋಗುತ್ತದೆ. ಆದ್ದರಿಂದ ಫೈಲು ಆಶ್ರಯ ಕೇಂದ್ರದಲ್ಲಿದೆ, ಝೆರಾಕ್ಸ್ ನನ್ನ ಹತ್ತಿರ ಇದೆ.